ಸುಣ್ಣದ ನೆಲ, ಚೌಳು ನೆಲ ಮತ್ತು ದೊಣ್ಣೆಮೆಣಸಿನಕಾಯಿ

ಬನ್ನಿಮಂಟಪದ ಸುತ್ತಮುತ್ತಲಿನ ಮನೆಗಳಲ್ಲಿ ಹಿತ್ತಲೆಂಬುದು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಲಿದ್ದರೂ, ಅದರಲ್ಲಿ ಒಂದು ಕರಿಬೇವಿನ ಗಿಡವನ್ನೂ ನಾಲ್ಕು ಬದನೆಯ ಸಸಿಗಳನ್ನೂ ಬೆಳೆಸಿಕೊಳ್ಳಬೇಕೆಂಬ ಆಸೆಯು ನಮ್ಮ ತಾಯಂದಿರಲ್ಲಿ ಇನ್ನೂ ಬತ್ತಿಲ್ಲವೆಂಬುದು ಸಂತೋಷದ ವಿಷಯ. ಆದರೆ ದೊಣ್ಣೆಮೆಣಸಿನಕಾಯಿಯ ಮಾತು ಬಂದಾಗ ಮಾತ್ರ ಹೆಚ್ಚಿನವರು ಕೈಚೆಲ್ಲುವರು. ಬೀಜವು ಚೆನ್ನಾಗಿಯೇ ಮೊಳೆಯುವುದು. ಸಸಿಯು ಗೇಣುದ್ದ ಬೆಳೆಯುವವರೆಗೆ ಯಾವ ಕುಂದೂ ಕಾಣದು. ಅನಂತರ ಕುಡಿಯ ಎಲೆಗಳು ಹಳದಿಗೆ ತಿರುಗುವುವು, ಹೂವು ಉದುರುವುದು, ಉಳಿದ ಒಂದೆರಡು ಕಾಯಿಗಳೂ ತಳದಲ್ಲಿ ಕಪ್ಪಾಗುವುವು. "ನಮ್ಮದು ಚೌಳು ಮಣ್ಣು, ಇದರಲ್ಲಿ ಅದು ಬಾರದು" ಎಂದು ತೀರ್ಪು ಹೇಳಿ, ಆ ಪಾತಿಯನ್ನು ಬೀಳು ಬಿಡುವುದೋ ಅದರ ಮೇಲೆ ಸಿಮೆಂಟನ್ನು ಹಾಸಿಬಿಡುವುದೋ ವಾಡಿಕೆಯಾಗಿದೆ. ಈ ತೀರ್ಪಿನಲ್ಲಿ ಸತ್ಯವು ಅರ್ಧ ಮಾತ್ರ ಇದೆಯೆಂಬುದು ನಮ್ಮ ಅಭಿಪ್ರಾಯ. ಜನರು ಚೌಳೆಂಬ ಒಂದೇ ಹೆಸರಿನಿಂದ ಕರೆಯುವ ನೆಲಗಳಲ್ಲಿ ನಿಜವಾಗಿ ಎರಡು ಮೂರು ಬಗೆಗಳುಂಟು. ಒಂದರಲ್ಲಿ ಈ ಕಾಯಿ ಬೆಳೆಯಬಲ್ಲುದು. ಇನ್ನೊಂದರಲ್ಲಿ ಆ ನೆಲವು ವಾಸಿಯಾಗುವವರೆಗೆ ಬೆಳೆಯಲಾರದು. ಯಾವುದು ಯಾವುದೆಂದು ತಿಳಿಯದೆ ಮಾಡುವ ಚಿಕಿತ್ಸೆಯಿಂದ ಹಣವೂ ಶ್ರಮವೂ ಮಣ್ಣುಪಾಲಾಗುವುದಲ್ಲದೆ, ಅನೇಕ ವೇಳೆ ಒಳ್ಳೆಯ ನೆಲವೇ ಕೆಡುವುದು.

ಒಂದು ತರಕಾರಿಗಾಗಿ ಇಷ್ಟು ಚರ್ಚೆ ಏತಕ್ಕೆ ಎಂದು ಕೇಳುವವರಿಗೆ ಒಂದು ಮಾತು. ಹಂಗೆರಿ ದೇಶದ ಸೆಗೆಡ್ ಎಂಬ ಪಟ್ಟಣದಲ್ಲಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಎಂಬ ವಿಜ್ಞಾನಿಯು 1930ರ ದಶಕದ ಆರಂಭದಲ್ಲಿ ಸಿ ಜೀವಸತ್ತ್ವವನ್ನು ಹೇರಳವಾಗಿ ಪಡೆಯುವ ಮಾರ್ಗವನ್ನು ಹುಡುಕುತ್ತಿದ್ದನು. ಒಂದು ರಾತ್ರಿ ಅವನ ಪತ್ನಿಯು ಊಟಕ್ಕೆ ಸಿಹಿಮೆಣಸಿನಕಾಯಿಯನ್ನು ಬಡಿಸಿದಳೆಂದೂ, ತಿನ್ನಲು ಮನಸ್ಸಿಲ್ಲದೆ, ಬೇಡವೆನ್ನುವ ಧೈರ್ಯವೂ ಇಲ್ಲದೆ, ಪರೀಕ್ಷೆ ಮಾಡುವೆನೆಂಬ ನೆಪದಿಂದ ಅದನ್ನು ಪ್ರಯೋಗಶಾಲೆಗೆ ಕೊಂಡೊಯ್ದನೆಂದೂ, ನಡುರಾತ್ರಿಯ ಹೊತ್ತಿಗೆ ಅದು ಆ ಜೀವಸತ್ತ್ವದ ಕಣಜವೆಂದು ತಿಳಿಯಿತೆಂದೂ ಆತನೇ ಮುಂದೆ ವಿನೋದವಾಗಿ ಹೇಳಿಕೊಂಡಿರುವನು. 1937ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ನೂರು ಗ್ರಾಂ ಹಸುರು ದೊಣ್ಣೆಮೆಣಸಿನಕಾಯಿಯಲ್ಲಿ ಈ ಜೀವಸತ್ತ್ವವು ಸುಮಾರು 80 ಮಿಲಿಗ್ರಾಂ ಇರುವುದು. ಗಿಡದಲ್ಲಿಯೇ ಹಣ್ಣಾಗಿ ಕೆಂಪಾದುದರಲ್ಲಿ 120ಕ್ಕೂ ಮೀರುವುದು. ಕಿತ್ತಳೆಯಲ್ಲಿ 50ರ ಆಸುಪಾಸು ಮಾತ್ರ.

ನಮ್ಮ ಹೆಣ್ಣುಮಕ್ಕಳ ಪಾಲಿಗೆ ಈ ಲೆಕ್ಕವು ಬರಿಯ ಕುತೂಹಲದ್ದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿತ್ತು. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48. ರಾಗಿ, ಸೊಪ್ಪು, ಕಾಳುಗಳಲ್ಲಿ ಕಬ್ಬಿಣವು ಇದ್ದರೂ ದೇಹವು ಅದನ್ನು ಸುಲಭವಾಗಿ ಹೀರಿಕೊಳ್ಳದು. ಅದೇ ಊಟದಲ್ಲಿ ಸಿ ಜೀವಸತ್ತ್ವವೂ ಸೇರಿದ್ದರೆ ಹೀರುವಿಕೆಯು ಹೆಚ್ಚುವುದು. ಮುದ್ದೆ ಸೊಪ್ಪಿನ ಸಾರಿನ ಜೊತೆಗೆ ನಾಲ್ಕು ಹೋಳು ಹಸಿಯ ದೊಣ್ಣೆಮೆಣಸಿನಕಾಯಿಯೋ ಅರ್ಧ ನಿಂಬೆಯ ಹಣ್ಣೋ ಇದ್ದರೆ ಆ ಊಟಕ್ಕೆ ಬೆಲೆಯೇ ಬೇರೆ. (ಹೆಚ್ಚು ಬೇಯಿಸಿದರೆ ಈ ಸತ್ತ್ವವು ಬಹುಮಟ್ಟಿಗೆ ನಾಶವಾಗುವುದು. ರಕ್ತಹೀನತೆಯಿರುವ ಹುಡುಗಿಗೆ ವೈದ್ಯರ ಔಷಧವೇ ಬೇಕು; ತರಕಾರಿಯು ಅದರ ಸ್ಥಾನವನ್ನು ತುಂಬಲಾರದು.) ಕಬ್ಬಿಣವು ಎದುರಿಗಿದ್ದೂ ಒಳಗೆ ಸೇರದಿರುವ ಈ ಕಷ್ಟವೇ ನಮ್ಮ ಹಿತ್ತಲಿನ ಗಿಡಕ್ಕೂ ಬಂದಿರುವುದೆಂಬುದನ್ನು ಮುಂದೆ ನೋಡುವೆವು.

ಈ ಕಾಯಿಗೆ ಮೆಣಸೆಂಬ ಹೆಸರಿದ್ದರೂ ಖಾರವಿಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಹದಿನಾರನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂದ ಮೆಣಸಿನಕಾಯಿಗೂ ಇದಕ್ಕೂ ಕುಲ ಒಂದೇ. ಸಸ್ಯಶಾಸ್ತ್ರಜ್ಞರು ಎರಡನ್ನೂ ಕ್ಯಾಪ್ಸಿಕಮ್ ಆನ್ಯುಮ್ ಎಂದೇ ಕರೆಯುವರು. ಖಾರವನ್ನುಂಟುಮಾಡುವ ಒಂದು ಗುಣಾಣುವು ಕೆಲಸಮಾಡದೆ ನಿಂತುಹೋದುದರಿಂದ ದೊಣ್ಣೆಮೆಣಸಿನಕಾಯಿಯು ಸಪ್ಪೆಯಾಯಿತು. ಹೀಗಿರುವಲ್ಲಿ, ಒಣ ನೆಲದಲ್ಲಿ, ಕ್ಷಾರಗುಣವುಳ್ಳ ಮಣ್ಣಿನಲ್ಲಿ ಈ ಕುಲದ ಗಿಡವು ಬಾರದೆಂದು ಹೇಳುವವರು ಒಮ್ಮೆ ಬ್ಯಾಡಗಿಯ ಕಡೆಗೆ ನೋಡತಕ್ಕದ್ದು.

ಹಾವೇರಿ, ಧಾರವಾಡ, ಗದಗ ಜಿಲ್ಲೆಗಳ ಎರೆಭೂಮಿಯಲ್ಲಿ ಬೆಳೆಯುವ ಬ್ಯಾಡಗಿ ಮೆಣಸಿನಕಾಯಿಯನ್ನು ಅರಿಯದ ಕನ್ನಡದ ಅಡಿಗೆಮನೆಯಿಲ್ಲ. ಬಣ್ಣ ಬಹಳ, ಖಾರ ಕಡಮೆ, ಮೈಯೆಲ್ಲಾ ಸುಕ್ಕು. ಅದರಲ್ಲಿಯೇ ಕಡ್ಡಿ, ಡಬ್ಬಿ ಎಂದು ಎರಡು ಬಗೆಗಳುಂಟು. ಡಬ್ಬಿಯು ಗಿಡ್ಡವೂ ದಪ್ಪವೂ ಆದುದು. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಇದರ ಬಣ್ಣವನ್ನು ಹಿಂಡಿ ತೆಗೆದು ತುಟಿಯ ರಂಗಿಗೂ ಉಗುರಿನ ರಂಗಿಗೂ ಬಳಸುವರೆಂದರೆ ನಮ್ಮ ವಿದ್ಯಾರ್ಥಿನಿಯರು ನಕ್ಕಾರು. ಈ ಬೆಳೆಯ ಬಹುಭಾಗವು ಮಳೆಯನ್ನೇ ನಂಬಿದುದು. ಈರುಳ್ಳಿ ಹತ್ತಿಗಳೊಡನೆ ಒಂದೇ ಹೊಲದಲ್ಲಿ ಮಿಶ್ರಬೆಳೆಯಾಗಿ ಬರುವುದೂ ಉಂಟು. ಆ ಎರೆಯ ಮಣ್ಣಿನಲ್ಲಿ ಸುಣ್ಣದ ಕಲ್ಲಿನ ಹರಳುಗಳು ಎಲ್ಲೆಲ್ಲಿಯೂ ಸಿಕ್ಕುವುವು. ಅದರ ಕ್ಷಾರಾಂಶವು ಪಿ.ಎಚ್. ಮಾನದಲ್ಲಿ ಸಾಮಾನ್ಯವಾಗಿ 7.5ರಿಂದ 8.5ರವರೆಗೆ ಇರುವುದು. ಅಂದಮೇಲೆ ಸುಣ್ಣವೂ ಮಳೆಯ ಅಭಾವವೂ ತಾವಾಗಿಯೇ ಈ ಗಿಡವನ್ನು ಕೊಲ್ಲುವುವೆಂದು ಹೇಳಲು ಬರುವುದಿಲ್ಲ.

ಹಾಗೆಂದು ಬ್ಯಾಡಗಿಯ ರೈತನು ಮಾಡಿದುದನ್ನೇ ಮೈಸೂರಿನ ಹಿತ್ತಲಿನಲ್ಲಿ ಮಾಡಿದರೆ ಫಲ ಬಾರದು. ಆಳವಾದ ಎರೆಯ ಮಣ್ಣು ಮುಂಗಾರಿನ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಗಿಡಕ್ಕೆ ಕೊಡುವುದು. ನಮ್ಮ ಕೆಂಪು ಮರಳುಮಿಶ್ರ ಮಣ್ಣಿಗೆ ಆ ಶಕ್ತಿಯಿಲ್ಲ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆಯಾಗುವುದು; ಅದೂ ಮೇ ತಿಂಗಳಲ್ಲಿಯೂ ಸೆಪ್ಟೆಂಬರ್ ಅಕ್ಟೋಬರ್‌ಗಳಲ್ಲಿಯೂ ಹೆಚ್ಚಾಗಿ ಸುರಿದು, ನಡುವೆ ಬಿಡುವು ಕೊಡುವುದು. ನಮ್ಮ ಬಡಾವಣೆಗೆ ಹೆಸರನ್ನು ಕೊಟ್ಟ ಬನ್ನಿಯ ಮರವನ್ನೇ ನೋಡಿರಿ. ವಿಜಯದಶಮಿಯ ಜಂಬೂ ಸವಾರಿಯು ಅರಮನೆಯಿಂದ ಹೊರಟು ಬಂದು ಮುಗಿಯುವುದು ಇಲ್ಲಿಯೇ ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಅದೇ ಬನ್ನಿಯು ರಾಜಸ್ಥಾನದ ಮರುಭೂಮಿಯಲ್ಲಿ, ಉಪ್ಪು ಸುಣ್ಣಗಳ ನೆಲದಲ್ಲಿಯೂ, ಹಸುರಾಗಿ ನಿಲ್ಲುವುದೆಂಬುದನ್ನು ಗಮನಿಸಿದವರು ಕಡಮೆ. ಅದರ ತಾಯಿಬೇರು ನೀರನ್ನು ಹುಡುಕುತ್ತಾ ಬಹಳ ಆಳಕ್ಕೆ ಇಳಿಯುವುದು. ದೊಣ್ಣೆಮೆಣಸಿನ ಗಿಡದ ಬೇರುಗಳಾದರೋ ಹೆಚ್ಚಾಗಿ ಮೇಲಿನ ಒಂದು ಅಡಿಯ ಮಣ್ಣಿನಲ್ಲಿಯೇ ಇರುವುವು. ಆ ಒಂದು ಅಡಿಯನ್ನು ನಾವು ಹೇಗೆ ಇಟ್ಟುಕೊಳ್ಳುವೆವೆಂಬುದರಲ್ಲಿಯೇ ಈ ಕೃಷಿಯ ಸರ್ವಸ್ವವೂ ಅಡಗಿದೆ.

ಇನ್ನು ಮಣ್ಣಿನ ಪರೀಕ್ಷೆಗೆ ಬರುವೆವು. ಪಿ.ಎಚ್. ಎಂಬ ಅಳತೆಯಲ್ಲಿ 7 ಎಂಬುದು ನಡುಮಧ್ಯ; ಅದರ ಕೆಳಗೆ ಆಮ್ಲ, ಮೇಲೆ ಕ್ಷಾರ. ದೊಣ್ಣೆಮೆಣಸಿನಕಾಯಿಗೆ ಹಿತವಾದುದು 6ರಿಂದ 7ರವರೆಗೆ. ಮೈಸೂರಿನ ಕೆಂಪು ಮಣ್ಣು ಹುಟ್ಟಿನಿಂದ ಅಷ್ಟೇನೂ ಕ್ಷಾರವಲ್ಲ. ಆದರೆ ಪಟ್ಟಣದ ಮನೆಯಂಗಳದ ಮಣ್ಣು ಹುಟ್ಟಿದಂತೆಯೇ ಉಳಿದಿರುವುದು ಅಪರೂಪ. ಹಳೆಯ ಗೋಡೆಯನ್ನು ಕೆಡವಿದಾಗ ಬಿದ್ದ ಗಾರೆ, ಹೊಸ ಮನೆಯನ್ನು ಕಟ್ಟಿದಾಗ ಉಳಿದ ಸಿಮೆಂಟು, ಸುಣ್ಣ ಬಳಿದ ಪಾತ್ರೆಯನ್ನು ತೊಳೆದ ನೀರು, ಇವೆಲ್ಲವೂ ಅದರೊಳಗೆ ಸೇರಿಹೋಗಿರುವುವು. ಹೊರಗಿನಿಂದ ತರಿಸಿ ತುಂಬಿದ ಮಣ್ಣು ಎಲ್ಲಿಯದೆಂದು ಕೇಳುವವರೂ ಇಲ್ಲ. ಗೋಡೆಯ ಪಕ್ಕದ ಗಿಡಗಳು ಹಳದಿಯಾಗಿ, ನಾಲ್ಕು ಮಾರು ಆಚೆಯವು ಹಸುರಾಗಿದ್ದರೆ ಕಾರಣವನ್ನು ಬಹು ದೂರ ಹುಡುಕಬೇಕಾಗಿಲ್ಲ.

ಪ್ರಯೋಗಶಾಲೆಗೆ ಹೋಗುವುದಕ್ಕೆ ಮೊದಲು ಮನೆಯಲ್ಲಿಯೇ ಮಾಡಬಹುದಾದ ಎರಡು ಪರೀಕ್ಷೆಗಳುಂಟು. ಒಣಗಿದ ಒಂದು ಹಿಡಿ ಮಣ್ಣಿನ ಮೇಲೆ ವಿನಿಗರನ್ನೋ ನಿಂಬೆಯ ರಸವನ್ನೋ ಹನಿಸಿದಾಗ ಬುಸುಬುಸನೆ ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆಯೆಂದು ತಿಳಿಯಬೇಕು. ಎರಡನೆಯದು, ಕಡಲೆಗಾತ್ರದ ಒಂದು ಒಣ ಹೆಂಟೆಯನ್ನು ಗಾಜಿನ ಲೋಟದೊಳಗಿನ ಮಳೆಯ ನೀರಿನಲ್ಲಿ ಮೆಲ್ಲನೆ ಬಿಟ್ಟು, ಕದಡದೆ ಕೆಲವು ಗಂಟೆಗಳ ಕಾಲ ಇಡುವುದು. ಹೆಂಟೆಯು ಕುಸಿದು ಬಿದ್ದರೂ ನೀರು ತಿಳಿಯಾಗಿಯೇ ಇದ್ದರೆ ಭಯವಿಲ್ಲ. ಹೆಂಟೆಯ ಸುತ್ತಲೂ ಹಾಲಿನಂತಹ ಮಸುಕು ಹಬ್ಬಿ, ಹೊತ್ತು ಕಳೆದರೂ ತಿಳಿಯಾಗದಿದ್ದರೆ, ಆ ಮಣ್ಣಿನಲ್ಲಿ ಸೋಡಿಯಂ ಅಧಿಕವಾಗಿದೆಯೆಂದು ಸಂಶಯಪಡಬೇಕು. ನಿಜವಾದ ಚೌಳೆಂದರೆ ಇದು. ಹಿಂದೆ ಅಗಸರು ಬಟ್ಟೆ ಒಗೆಯಲು ಕೆರೆಯ ಅಂಚಿನಿಂದ ತರುತ್ತಿದ್ದ ಚೌಳು ಮಣ್ಣಿನಲ್ಲಿ ಸೋಡಾ ಇದ್ದುದರಿಂದಲೇ ಅದು ಸಾಬೂನಿನ ಕೆಲಸವನ್ನು ಮಾಡುತ್ತಿತ್ತು. ಅಂತಹ ನೆಲವು ಮಳೆ ಬಂದಾಗ ಅಂಟುಕೆಸರು, ಒಣಗಿದಾಗ ಕಲ್ಲು. ನೀರು ಮೇಲೆಯೇ ನಿಲ್ಲುವುದು, ಬೇರಿಗೆ ಉಸಿರಾಡಲು ಎಡೆಯಿರದು. ಬಿಳಿಯ ಪೊರೆಯು ಕಂಡರೆ ಸಾಮಾನ್ಯವಾಗಿ ಉಪ್ಪು. ಕಪ್ಪಾದ ಪೊರೆಯಾದರೆ ಸೋಡಾವು ಮಣ್ಣಿನ ಸಾರವನ್ನೇ ಕರಗಿಸಿ ಮೇಲಕ್ಕೆ ತಂದಿರುವುದು. ಇದು ಹೆಚ್ಚು ಕೆಟ್ಟದ್ದು.

ಅಂತೂ ಸುಣ್ಣದ ನೆಲ, ಉಪ್ಪಿನ ನೆಲ, ಸೋಡಾದ ನೆಲ ಎಂದು ಮೂರಾದುವು. ಸುಣ್ಣದ ನೆಲದ ಪಿ.ಎಚ್. ಸಾಧಾರಣವಾಗಿ 8.4ನ್ನು ಮೀರದು, ಸೋಡಾದ ನೆಲದ್ದು 8.5ನ್ನು ದಾಟಿ 10ರವರೆಗೂ ಹೋಗುವುದುಂಟು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಪಿ.ಎಚ್. ಮಾನವೂ ಉಪ್ಪಿನ ಅಂಶವನ್ನು ತೋರಿಸುವ ವಿದ್ಯುದ್ವಾಹಕತೆಯೂ ಸೇರಿ 12 ವಿವರಗಳಿರುವುವು; ಆದರೆ ಸೋಡಿಯಮ್ಮಿನ ವಿವರ ಅದರಲ್ಲಿಲ್ಲ. ಆದುದರಿಂದ ಪಿ.ಎಚ್. 8.5ಕ್ಕಿಂತ ಹೆಚ್ಚೆಂದು ಬಂದಲ್ಲಿ, ಸೋಡಿಯಮ್ಮನ್ನೂ ಬೇಕಾದ ಜಿಪ್ಸಮ್ಮಿನ ಪ್ರಮಾಣವನ್ನೂ ಪರೀಕ್ಷಿಸಿ ಕೊಡಿರೆಂದು ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು. ನಮ್ಮ ಜಿಲ್ಲೆಯವರು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆಯನ್ನು ಪಡೆಯಬಹುದು. ಉಪ್ಪನ್ನು ಸಹಿಸುವ ಶಕ್ತಿಯಲ್ಲಿ ಮೆಣಸಿನ ಕುಲವು ಬಲು ದುರ್ಬಲ. ಮಾಸ್, ಹಾಫ್‌ಮನ್ ಎಂಬವರು 1977ರಲ್ಲಿ ಪ್ರಕಟಿಸಿದ ಪ್ರಸಿದ್ಧವಾದ ಕೋಷ್ಟಕದಂತೆ, ನೀರಿನಿಂದ ಪೂರ್ಣ ತೋಯಿಸಿದ ಮಣ್ಣಿನ ಸಾರದಲ್ಲಿ ವಿದ್ಯುದ್ವಾಹಕತೆಯು 1.5ನ್ನು ದಾಟಿದೊಡನೆ ಇದರ ಫಸಲು ಇಳಿಯತೊಡಗಿ, ಮುಂದಿನ ಒಂದೊಂದು ಮಾನಕ್ಕೂ ನೂರಕ್ಕೆ 14ರಂತೆ ಕುಗ್ಗುವುದು. ಹತ್ತಿಯು 7.7ರವರೆಗೆ ಜಗ್ಗದೆ ನಿಲ್ಲುವುದು. ಪಕ್ಕದ ಹೊಲದ ಹತ್ತಿಯನ್ನು ನೋಡಿ ಮೆಣಸನ್ನು ನೆಡುವವರು ಇದನ್ನು ನೆನಪಿಡಬೇಕು. (ಕಾರ್ಡಿಗಾಗಿ ಮಣ್ಣಿಗೆ ಹೆಚ್ಚು ನೀರನ್ನು ಬೆರೆಸಿ ಅಳೆಯುವುದರಿಂದ ಅಲ್ಲಿಯ ಅಂಕಿಯು ಚಿಕ್ಕದಾಗಿ ಕಾಣುವುದು, ಎರಡನ್ನೂ ನೇರವಾಗಿ ಹೋಲಿಸಬಾರದು.)

ಸೋಡಾದ ನೆಲಕ್ಕೆ ಜಿಪ್ಸಂ ಒಳ್ಳೆಯ ಔಷಧ. ಅದರೊಳಗಿನ ಕ್ಯಾಲ್ಸಿಯಮ್ಮು ಮಣ್ಣಿನ ಕಣಗಳಿಂದ ಸೋಡಿಯಮ್ಮನ್ನು ಹೊರದೂಡುವುದು. ಅನಂತರ ಧಾರಾಳವಾದ ಒಳ್ಳೆಯ ನೀರು ಅದನ್ನು ಬೇರಿನ ಕೆಳಕ್ಕೆ ತೊಳೆದುಕೊಂಡು ಹೋಗಬೇಕು. ನೀರು ಬಸಿದುಹೋಗಲು ದಾರಿಯಿಲ್ಲದ ಕಡೆ ಎಷ್ಟು ಜಿಪ್ಸಂ ಸುರಿದರೂ ವ್ಯರ್ಥವೇ. ಕೃಷ್ಣರಾಜಸಾಗರದ ನಾಲೆಗಳ ಕೆಳಗಿನ ತಗ್ಗು ಗದ್ದೆಗಳಲ್ಲಿಯೂ, ತುಂಗಭದ್ರೆಯ ಬಯಲಿನ ಗಂಗಾವತಿಯ ಕಡೆಯಲ್ಲಿಯೂ ನೆಲ ಕೆಟ್ಟುದಕ್ಕೆ ನೀರಿನ ಅಭಾವವು ಕಾರಣವಲ್ಲ, ಬಸಿಯದೆ ನಿಂತ ನೀರೇ ಕಾರಣ. ಅಂತಹ ಸೀಮೆಗೆ ಸೇರಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಮೊದಲು ಬಸಿಗಾಲುವೆಯನ್ನು ತೆಗೆಸಿ, ಡಯಾಂಚದ ಹಸುರು ಗೊಬ್ಬರವನ್ನು ಉಳಿಸಿ, ಭತ್ತವನ್ನು ಬೆಳೆದು ನೆಲವನ್ನು ವಾಸಿಮಾಡಿಕೊಳ್ಳುವುದು ಲೇಸು. ದೊಣ್ಣೆಮೆಣಸಿನಕಾಯಿಯನ್ನು ಅಷ್ಟರವರೆಗೆ ಕುಂಡದಲ್ಲಿ ಬೆಳೆಯಲಿ.

ಆದರೆ ಪಟ್ಟಣದ ನಮ್ಮ ಹಿತ್ತಲುಗಳಲ್ಲಿ ಹೆಚ್ಚಾಗಿ ಕಾಣುವುದು ಸುಣ್ಣದ ನೆಲ. ಸುಣ್ಣದ ನೆಲಕ್ಕೆ ಜಿಪ್ಸಂ ಹಾಕುವುದು ತುಂಬಿದ ಕೊಡಕ್ಕೆ ನೀರು ಹೊಯ್ದಂತೆ. ಅಂಗಡಿಯವರ ಮಾತನ್ನು ಕೇಳಿ ಮೂಟೆಯನ್ನು ತಂದವರು ಬಹಳ ಮಂದಿ. ಇನ್ನು ಕೆಲವರು ಗಂಧಕವನ್ನು ಹಾಕಿ ಕ್ಷಾರವನ್ನು ಮುರಿಯುವೆವೆನ್ನುವರು. ಲೆಕ್ಕ ಮಾಡಿ ನೋಡೋಣ. ಒಂದು ಚದರ ಮೀಟರು ನೆಲದಲ್ಲಿ 15 ಸೆಂಟಿಮೀಟರು ಆಳದವರೆಗೆ ಸುಮಾರು 200 ಕಿಲೋ ಮಣ್ಣಿರುವುದು. ಅದರಲ್ಲಿ ನೂರಕ್ಕೆ ಒಂದು ಪಾಲು ಸುಣ್ಣಕಲ್ಲಿದ್ದರೂ ಎರಡು ಕಿಲೋ ಆಯಿತು. ಇದನ್ನು ಪೂರ್ತಿ ಕರಗಿಸಲು 640 ಗ್ರಾಂ ಗಂಧಕ ಬೇಕು. ಸುಣ್ಣವು ನೂರಕ್ಕೆ ಐದಾದರೆ ಮೂರು ಕಿಲೋ ಮೀರಿತು! ಅದೂ ಮಣ್ಣಿನ ಸೂಕ್ಷ್ಮಜೀವಿಗಳು ಗಂಧಕವನ್ನು ಆಮ್ಲವಾಗಿ ಮಾರ್ಪಡಿಸುವುದಕ್ಕೆ ವಾರಗಳೂ ತಿಂಗಳುಗಳೂ ಹಿಡಿಯುವುವು. ಸುಣ್ಣ ಲೇಶವಾಗಿರುವ ಪಾತಿಯಲ್ಲಿ ಗಂಧಕವು ಸಹಾಯಮಾಡಬಹುದು. ನೊರೆ ಬುಸುಗುಟ್ಟುವ ಮಣ್ಣಿನಲ್ಲಿ ಅದರೊಡನೆ ಹೋರಾಡುವುದನ್ನು ಬಿಟ್ಟು, ಹೊಂದಿಕೊಂಡು ಬಾಳುವ ಮಾರ್ಗವನ್ನು ಹುಡುಕುವುದೇ ಜಾಣತನ.

ಸುಣ್ಣದ ನೆಲದಲ್ಲಿ ಗಿಡಕ್ಕೆ ಬರುವ ಮುಖ್ಯವಾದ ರೋಗವು ಹಸಿವು. ಮಣ್ಣಿನಲ್ಲಿ ಕಬ್ಬಿಣವು ಬೇಕಾದಷ್ಟಿರುವುದು. ನಮ್ಮ ಕೆಂಪು ಮಣ್ಣಿಗೆ ಆ ಕೆಂಪು ಬಂದಿರುವುದೇ ಕಬ್ಬಿಣದಿಂದ. ಆದರೆ ಕ್ಷಾರದಲ್ಲಿ ಅದು ಕರಗದೆ ತುಕ್ಕಾಗಿ ನಿಲ್ಲುವುದರಿಂದ ಬೇರಿಗೆ ದಕ್ಕದು. ಸತುವಿಗೂ ಮ್ಯಾಂಗನೀಸಿಗೂ ರಂಜಕಕ್ಕೂ ಬಹುಮಟ್ಟಿಗೆ ಇದೇ ಗತಿ. ಕುಡಿಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸುರಾಗಿ ಉಳಿದಿದ್ದರೆ ಅದು ಕಬ್ಬಿಣದ ಹಸಿವು. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆ. ಎಲೆಗಳು ಮೇಲ್ಮುಖವಾಗಿ ಮುದುಡಿದರೆ ಥ್ರಿಪ್ಸ್ ಎಂಬ ನುಸಿಯೂ ಕೆಳಮುಖವಾಗಿ ಮುದುಡಿದರೆ ಮೈಟ್ ನುಸಿಯೂ ಕಾರಣ. ಆಗ ಮಣ್ಣನ್ನು ದೂರದೆ ಬೇವಿನ ಎಣ್ಣೆಯನ್ನು ಸಿಂಪಡಿಸತಕ್ಕದ್ದು. ಕಬ್ಬಿಣದ ಹಸಿವಿಗೆ ಅನ್ನಭೇದಿಯನ್ನು ಮಣ್ಣಿಗೆ ಹಾಕಿದರೆ ಅದೂ ಬೇಗನೆ ತುಕ್ಕಾಗುವುದು. ಒಂದು ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನೂ ಕೆಲವು ಹನಿ ನಿಂಬೆಯ ರಸವನ್ನೂ ಬೆರೆಸಿ, ಆಗಲೇ ಸೋಸಿ, ಸಂಜೆಯ ತಂಪಿನಲ್ಲಿ ಎಲೆಗಳ ಮೇಲೆ ಸಿಂಪಡಿಸಬೇಕು. ಹತ್ತು ಹದಿನೈದು ದಿನಗಳ ಅಂತರದಲ್ಲಿ ಎರಡು ಮೂರು ಸಲ ಮಾಡಿದರೆ ಕುಡಿಯು ಹಸುರಾಗುವುದು.

ಇದು ತಾತ್ಕಾಲಿಕವಾದ ಉಪಾಯ. ಬಾಳುವ ಉಪಾಯವು ಗೊಬ್ಬರ. ಚೆನ್ನಾಗಿ ಕಳಿತ ಕೊಟ್ಟಿಗೆಯ ಗೊಬ್ಬರವನ್ನೋ ಎರೆಹುಳುವಿನ ಗೊಬ್ಬರವನ್ನೋ ಮೇಲಿನ ಒಂದು ಅಡಿಯ ಮಣ್ಣಿಗೆ ಮೂರರಲ್ಲೊಂದು ಪಾಲು ಬೆರೆಸಿದರೆ, ಅದು ಕೊಳೆಯುವಾಗ ಹುಟ್ಟುವ ದುರ್ಬಲವಾದ ಆಮ್ಲಗಳು ಬೇರಿನ ಸುತ್ತ ಕಬ್ಬಿಣವನ್ನೂ ರಂಜಕವನ್ನೂ ಬಿಡಿಸಿಕೊಡುವುವು, ನೀರನ್ನೂ ಹಿಡಿದಿಡುವುವು. ಹೊಂಗೆಯ ಸೊಪ್ಪು, ಹೊಂಗೆಯ ಹಿಂಡಿ, ಬೇವಿನ ಹಿಂಡಿಗಳು ನಮ್ಮ ಸೀಮೆಯಲ್ಲಿ ಸುಲಭವಾಗಿ ದೊರೆಯುವುವು. ರಸಗೊಬ್ಬರವನ್ನು ಬಳಸುವವರು ಅಮೋನಿಯಂ ಸಲ್ಫೇಟನ್ನು ಆರಿಸಿಕೊಂಡರೆ ಅದರಿಂದ ಸ್ವಲ್ಪ ಆಮ್ಲಗುಣವೂ ಲಭಿಸುವುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಒಲೆಯ ಬೂದಿಯನ್ನು ತರಕಾರಿಯ ಪಾತಿಗೆ ಚೆಲ್ಲುವುದು ನಮ್ಮ ಅಜ್ಜಿಯರ ಕಾಲದಿಂದ ಬಂದ ಪದ್ಧತಿ. ಮಲೆನಾಡಿನ ಹುಳಿಮಣ್ಣಿಗೆ ಅದು ಅಮೃತ. ತೀರ್ಥಹಳ್ಳಿಗೋ ಮಡಿಕೇರಿಗೋ ಸೊಸೆಯಾಗಿ ಹೋದವರು ನಿಸ್ಸಂಕೋಚವಾಗಿ ಹಾಕಲಿ. ಸುಣ್ಣದ ನೆಲಕ್ಕೆ ಅದು ವಿಷ. ಬೂದಿಯ ನೀರಿನಿಂದ ಪಾತ್ರೆಯ ಜಿಡ್ಡನ್ನು ತೆಗೆಯಲು ಸಾಧ್ಯವಾದುದು ಅದರ ಕ್ಷಾರದಿಂದಲೇ ಅಲ್ಲವೆ? ಮೊಟ್ಟೆಯ ಚಿಪ್ಪಿನ ಪುಡಿಯೂ ಸುಣ್ಣವೇ. ಅಜ್ಜಿಯ ಮಾತು ಸುಳ್ಳಲ್ಲ. ಅವರ ಊರಿನ ಮಣ್ಣು ಬೇರೆ, ನಮ್ಮದು ಬೇರೆ.

ನೀರಿನ ವಿಷಯವು ಮಣ್ಣಿಗಿಂತಲೂ ಮುಖ್ಯವೆಂದು ನಾವು ಎಣಿಸುವೆವು. ಅರಸುಗಳ ಎರಡನೆಯ ಗ್ರಂಥದಲ್ಲಿ ಯೆರಿಕೋವಿನ ಜನರು ತಮ್ಮ ನೆಲವು ಫಲಕೊಡದೆಂದು ಎಲೀಷನಿಗೆ ಹೇಳಿಕೊಂಡಾಗ, ಪ್ರವಾದಿಯು ಹೊಲದ ಕಡೆಗೆ ಹೋಗದೆ ನೀರಿನ ಬುಗ್ಗೆಯ ಬಳಿಗೆ ಹೋದನೆಂಬುದನ್ನು ನಮ್ಮ ಶಾಲೆಯಲ್ಲಿ ವೇದಪಾಠವನ್ನು ಕೇಳಿದವರೆಲ್ಲರೂ ಬಲ್ಲರು. ನಮ್ಮ ಕೊಳವೆಬಾವಿಗಳ ನೀರು ಅನೇಕ ಕಡೆ ಗಡುಸು. ಬಚ್ಚಲಿನ ಹಂಡೆಯೊಳಗೆ ಕಟ್ಟುವ ಬಿಳಿಯ ಪೊರೆಯೇ ಇದಕ್ಕೆ ಸಾಕ್ಷಿ. ಅಂತಹ ನೀರನ್ನು ಹೊಯ್ದಂತೆಲ್ಲಾ ಮಣ್ಣಿನಲ್ಲಿಯೂ ಅದೇ ಪೊರೆ ಕಟ್ಟುವುದು. ನೀರಿನಲ್ಲಿ ಬೈಕಾರ್ಬೊನೇಟು ಹೆಚ್ಚಾಗಿದ್ದರೆ, ಮಣ್ಣು ಒಣಗುವಾಗ ಕ್ಯಾಲ್ಸಿಯಮ್ಮು ಸುಣ್ಣವಾಗಿ ಬೇರ್ಪಟ್ಟು, ಸೋಡಿಯಮ್ಮಿನ ಕೈ ಮೇಲಾಗುವುದು. ಹೀಗೆ ಸುಣ್ಣದ ನೆಲವೇ ಕಾಲಕ್ರಮದಲ್ಲಿ ಚೌಳಾಗುವುದು. ಇದಕ್ಕಿಂತಲೂ ವೇಗವಾಗಿ ಕೆಡಿಸುವ ಎರಡು ಪದ್ಧತಿಗಳು ಮನೆಯೊಳಗೇ ಇವೆ. ನೀರನ್ನು ಮೆದುಮಾಡುವ ಯಂತ್ರಗಳನ್ನು ಈಚೆಗೆ ಅನೇಕರು ಇಟ್ಟುಕೊಂಡಿರುವರು. ಅದು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಂಡು ಅದರ ಬದಲಾಗಿ ಸೋಡಿಯಮ್ಮನ್ನು ಬಿಡುವುದು. ಸ್ನಾನಕ್ಕೆ ಹಿತವಾದ ಆ ನೀರು ಗಿಡಕ್ಕೆ ಹಗೆ. ಎರಡನೆಯದು ಬಟ್ಟೆ ಒಗೆದ ನೀರು. ನೀರಿನ ಬರಗಾಲದಲ್ಲಿ ಅದನ್ನು ಚೆಲ್ಲಲು ಮನಸ್ಸು ಬಾರದಿರುವುದು ಸಹಜ. ಆದರೆ ಸೋಡಾ ಬೆರೆತ ಸಾಬೂನಿನ ಪುಡಿಯ ನೀರನ್ನು ದಿನವೂ ಒಂದೇ ಪಾತಿಗೆ ಹೊಯ್ಯುವುದೆಂದರೆ ಕೈಯಾರೆ ಚೌಳನ್ನು ತಯಾರಿಸಿದಂತೆ. ಅಕ್ಕಿ, ಬೇಳೆ, ತರಕಾರಿಗಳನ್ನು ತೊಳೆದ ನೀರನ್ನು ಧಾರಾಳವಾಗಿ ಹಾಕಬಹುದು.

ಎಲ್ಲಕ್ಕಿಂತ ಉತ್ತಮವಾದುದು ಮಳೆಯ ನೀರು. ಕೇವಲ 10 ಚದರ ಮೀಟರಿನ ಮಾಡಿನ ಮೇಲೆ ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 8000 ಲೀಟರು ಬೀಳುವುದು. ಹನ್ನೆರಡು ಗಿಡಗಳಿಗೆ ದಿನಕ್ಕೆ ಒಂದೂವರೆ ಲೀಟರಿನಂತೆ ನಾಲ್ಕು ತಿಂಗಳಿಗೆ ಬೇಕಾಗುವುದು 2200 ಲೀಟರಿಗಿಂತಲೂ ಕಡಮೆ. ಅದನ್ನೆಲ್ಲಾ ಹಿಡಿದಿಡುವ ತೊಟ್ಟಿ ಎಲ್ಲರ ಮನೆಯಲ್ಲಿಯೂ ಇರದು. ಒಂದೆರಡು ಪೀಪಾಯಿಗಳನ್ನಿಟ್ಟು ವಾರಕ್ಕೆರಡು ಸಲವಾದರೂ ಮಳೆಯ ನೀರನ್ನು ಕೊಟ್ಟರೆ ಗುಣ ಕಾಣುವುದು. ಬುಡದ ಸುತ್ತ ರಾಗಿಯ ಹುಲ್ಲನ್ನೋ ಒಣಗಿದ ಎಲೆಗಳನ್ನೋ ಮೂರು ಅಂಗುಲ ದಪ್ಪ ಹೊದಿಸಿದರೆ ನೀರು ಆರುವುದೂ ಉಪ್ಪು ಮೇಲಕ್ಕೇರುವುದೂ ತಗ್ಗುವುವು. ಬ್ಯಾಡಗಿಯ ಎರೆಯ ಮಣ್ಣು ತನ್ನ ಆಳದಿಂದ ಮಾಡುವ ಕೆಲಸವನ್ನು ನಮ್ಮ ಹಿತ್ತಲಿನಲ್ಲಿ ಈ ಹೊದಿಕೆಯು ಮಾಡಬೇಕು.

ಕಾಯಿಯ ತಳವು ಕಪ್ಪಾಗುವುದನ್ನು ಆರಂಭದಲ್ಲಿ ಹೇಳಿದೆವು. ಅದಕ್ಕೆ ಕಾರಣ ಕಾಯಿಗೆ ಕ್ಯಾಲ್ಸಿಯಮ್ಮು ಸಾಲದಿರುವುದು ಎಂದರೆ, ಸುಣ್ಣದ ನೆಲದಲ್ಲಿ ಸುಣ್ಣದ ಕೊರತೆಯೆ ಎಂದು ಆಶ್ಚರ್ಯವಾಗಬಹುದು. ಕ್ಯಾಲ್ಸಿಯಮ್ಮು ನೀರಿನ ಹರಿವಿನೊಡನೆ ಮಾತ್ರ ಗಿಡದಲ್ಲಿ ಏರುವುದು. ಎರಡು ದಿನ ಒಣಗಿಸಿ ಮೂರನೆಯ ದಿನ ಕೊಡಗಟ್ಟಲೆ ಸುರಿದರೆ, ನೀರು ಎಲೆಗಳಿಗೆ ಹರಿದು ಕಾಯಿಯ ತುದಿಯು ಹಸಿದೇ ಉಳಿಯುವುದು. ಇದಕ್ಕೆ ಸುಣ್ಣದ ಅಗತ್ಯವಿಲ್ಲ. ದಿನವೂ ಮುಂಜಾನೆ ಮಿತವಾಗಿ, ತಪ್ಪದೆ ನೀರು ಕೊಡುವುದೇ ಪರಿಹಾರ.

ಕಾಲದ ವಿಷಯದಲ್ಲಿ ಚುಟುಕಾಗಿ ಹೇಳುವೆವು. ಹಗಲಿನ ಬಿಸಿಯು 32 ಡಿಗ್ರಿಯನ್ನು ಮೀರಿದರೆ ಹೂ ಉದುರುವುದು. ಮಾರ್ಚಿಯಿಂದ ಮೇ ವರೆಗಿನ ನಮ್ಮ ಬೇಸಿಗೆ ಇದಕ್ಕೆ ತಕ್ಕುದಲ್ಲ. ಜುಲೈ ಆಗಸ್ಟ್‌ಗಳಲ್ಲಿ ಒಟ್ಟಲು ಹಾಕಿ, 35 ದಿನಗಳ ಸಸಿಗಳನ್ನು ಒಂದೂವರೆ ಅಡಿಗೊಂದರಂತೆ ಏರುಮಡಿಗಳಲ್ಲಿ ನೆಟ್ಟರೆ ಚಳಿಗಾಲದಲ್ಲಿ ಕಾಯಿ ಬಿಡುವುದು. ನೊರೆ ಏಳುವ ಗೋಡೆಯ ಬದಿಯನ್ನು ಬಿಟ್ಟು ಮಡಿಯನ್ನು ಮಾಡಬೇಕು. ಅಂತಹ ಸ್ಥಳವೇ ಇಲ್ಲದವರು 12 ಅಂಗುಲ ಆಳದ ಕುಂಡಗಳಲ್ಲಿ ಬೆಳೆಯಬಹುದು. ಕುಂಡಕ್ಕೆ ತೆಂಗಿನ ನಾರಿನ ಪುಡಿಯನ್ನು ಬೆರೆಸುವವರು ಅದನ್ನು ಎರಡು ಮೂರು ನೀರಿನಲ್ಲಿ ತೊಳೆಯತಕ್ಕದ್ದು, ಅದರಲ್ಲಿಯೂ ಉಪ್ಪಿರುವುದುಂಟು.

ತಳಿಗಳಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮೋಹಿನಿ, ಅರ್ಕಾ ಗೌರವ್, ಅರ್ಕಾ ಬಸಂತ್ ಎಂಬುವನ್ನು ಹೆಸರಿಸಬಹುದು. ಕಡೆಯದು ಹಂಗೆರಿಯ ಸೊರೋಕ್ಷಾರಿ ಎಂಬ ತಳಿಯಿಂದ ಆರಿಸಿ ತೆಗೆದುದು. ಆ ವಿಜ್ಞಾನಿಯ ತಟ್ಟೆಯ ಕಾಯಿಗೂ ನಮ್ಮ ಹಿತ್ತಲಿಗೂ ಹೀಗೊಂದು ದೂರದ ನಂಟು. ಇವುಗಳ ಬೀಜವನ್ನು ಮನೆಯಲ್ಲಿಯೇ ಹಿಡಿದಿಟ್ಟುಕೊಳ್ಳಬಹುದು. ಅಂಗಡಿಯ ಸಂಕರ ತಳಿಗಳ ಬೀಜದಿಂದ ತಾಯಿಯಂತಹ ಗಿಡ ಬರುವುದೆಂಬ ನಂಬಿಕೆಯಿಲ್ಲ. ಪಕ್ಕದಲ್ಲಿ ಖಾರದ ಮೆಣಸಿನ ಗಿಡವಿದ್ದರೆ ದೊಣ್ಣೆಮೆಣಸಿನಕಾಯಿಯೂ ಖಾರವಾಗುವುದೆಂದು ಹೇಳುವರು. ಈ ವರ್ಷದ ಕಾಯಿ ಎಂದಿಗೂ ಆಗದು, ಏಕೆಂದರೆ ಖಾರವಿರುವುದು ಬೀಜ ಕಚ್ಚಿಕೊಂಡಿರುವ ತಿರುಳಿನಲ್ಲಿ; ಆ ತಿರುಳು ತಾಯಿಗಿಡದ್ದೇ. ಪರಾಗವು ಬೆರೆತಿದ್ದರೆ ಆ ಬೀಜವನ್ನು ಬಿತ್ತಿ ಬಂದ ಮುಂದಿನ ವರ್ಷದ ಗಿಡದಲ್ಲಿ ಖಾರ ಕಾಣುವುದು. ಆದುದರಿಂದ ಬೀಜಕ್ಕಾಗಿ ಬಿಡುವ ಕೊಂಬೆಯ ಮೊಗ್ಗುಗಳಿಗೆ ಅರಳುವ ಮೊದಲೇ ತೆಳ್ಳನೆಯ ಬಟ್ಟೆಯ ಚೀಲವನ್ನು ಕಟ್ಟಿದರೆ ಸಾಕು.

ನೆಟ್ಟ ಎರಡು ಎರಡೂವರೆ ತಿಂಗಳಿಗೆ ಹಸುರು ಕಾಯಿ ಸಿಕ್ಕುವುದು. ತೊಟ್ಟನ್ನು ಎಳೆಯದೆ ಕತ್ತರಿಯಿಂದ ಕತ್ತರಿಸಬೇಕು. ಕೆಂಪಾಗಲು ಬಿಟ್ಟರೆ ಸತ್ತ್ವ ಹೆಚ್ಚುವುದು ನಿಜ, ಆದರೆ ಗಿಡವು ಹೊಸ ಹೂಗಳನ್ನು ಬಿಡುವುದು ನಿಧಾನವಾಗುವುದು. ಗಿಡಕ್ಕೆ ಒಂದೆರಡನ್ನು ಮಾತ್ರ ಹಣ್ಣಾಗಲು ಬಿಡುವುದು ಒಳ್ಳೆಯದು. ಫಸಲು ಮುಗಿದ ಮೇಲೆ, ಮೇ ತಿಂಗಳ ಮಳೆಗೆ ಮುನ್ನ ಮಡಿಯನ್ನು ಅಗೆದು ಸಡಿಲಮಾಡಿಟ್ಟರೆ, ಬೇಸಿಗೆಯಲ್ಲಿ ಮೇಲೆ ಸೇರಿದ ಉಪ್ಪು ಆ ಮಳೆಯಿಂದ ಕೆಳಕ್ಕೆ ತೊಳೆದುಹೋಗುವುದು. ಆ ಸಲ ಅದೇ ಮಡಿಯಲ್ಲಿ ಬದನೆ, ಟೊಮೇಟೊಗಳನ್ನು ಹಾಕಬಾರದು. ಅವು ಮೆಣಸಿನ ಬಂಧುಗಳು, ರೋಗಗಳೂ ಬಹುಮಟ್ಟಿಗೆ ಒಂದೇ. ಅಲಸಂದೆಯನ್ನೋ ಹುರುಳಿಕಾಯಿಯನ್ನೋ ಬಿತ್ತತಕ್ಕದ್ದು.